ವಕಾಲತ್ತಿನ ಒಂದು ಸಾಲು

ಕೋರ್ಟಿನ ಮೆಟ್ಟಿಲು ಹತ್ತಿದವರೆಲ್ಲ ವಕಾಲತ್ತಿಗೆ ಸಹಿ ಹಾಕಿರುತ್ತೀರಿ. ಅಚ್ಚಾದ ಹಾಳೆ, ಗುಮಾಸ್ತರು ಬೆರಳಿಟ್ಟು ತೋರಿಸಿದ ಕಡೆ ರುಜು. ಅದರಲ್ಲಿ ಸಾಮಾನ್ಯವಾಗಿ ಒಂದು ಮಾತಿರುತ್ತದೆ: ನನ್ನ ಪರವಾಗಿ ರಾಜಿ ಮಾಡಿಕೊಳ್ಳಲು ವಕೀಲರಿಗೆ ಅಧಿಕಾರ ಕೊಟ್ಟಿದ್ದೇನೆ. ನಾನು ಇವತ್ತು ಮಾತಾಡುವುದು ಅದೊಂದು ಸಾಲಿನ ಬಗ್ಗೆ.

ಆ ಸಾಲು ಇಲ್ಲದಿದ್ದರೂ ವಕೀಲರ ಕೈ ಬರಿದಲ್ಲ. 1930ರಲ್ಲಿ ಸೌರೇಂದ್ರನಾಥ ಮಿತ್ರ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ರಾಜಿಯಾಗುವ ಅಧಿಕಾರ ಅಡ್ವೊಕೇಟರ ವೃತ್ತಿಯಲ್ಲೇ ಅಡಕವಾಗಿದೆ ಎಂದಿತು. 1975ರಲ್ಲಿ ಜಮೀಲಾಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಅಧಿಕಾರವನ್ನು ಒಪ್ಪಿದರು, ಬೇಲಿಯನ್ನೂ ಹಾಕಿದರು: ರಾಜಿ ಕಕ್ಷಿದಾರನ ಹಿತಕ್ಕಾಗಿ, ಪ್ರಾಮಾಣಿಕವಾಗಿ ಆಗಿರಬೇಕು, ಆತ ಬೇಡವೆಂದು ಹೇಳಿದ್ದರೆ ಅಧಿಕಾರವೇ ಇಲ್ಲ.

ಮುಂದೆ 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿಯಾಯಿತು. ರಾಜಿ ಬರಹದಲ್ಲಿರಬೇಕು, ಅದಕ್ಕೆ ಪಕ್ಷಕಾರರ ಸಹಿ ಇರಬೇಕು ಎಂಬ ಮಾತು 23ನೇ ಆದೇಶದ 3ನೇ ನಿಯಮಕ್ಕೆ ಸೇರಿತು. ಹಾಗಾದರೆ ವಕೀಲರ ಸಹಿ ಸಾಲದೇ? ಸಾಲುತ್ತದೆ ಎಂದು 1991ರಲ್ಲಿ ಬೈರಾಂ ಪೆಸ್ತನ್‌ಜಿ ಗರಿವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಅಗತ್ಯ ನನಗೂ ಗೊತ್ತು. ಮಗ ದುಬೈಯಲ್ಲಿರುತ್ತಾನೆ, ಪಾಲಿನ ದಾವೆ ಹಾಸನದಲ್ಲಿ ನಡೆಯುತ್ತಿರುತ್ತದೆ, ಎದುರು ಪಕ್ಷದವರು ಒಪ್ಪಿಕೊಳ್ಳುವುದು ಇವತ್ತೇ. ಆಗ ವಕೀಲರು ಕೈಕಟ್ಟಿ ನಿಂತರೆ ನಷ್ಟ ಮಗನದೇ.

ಆದರೆ ಎಡವಿದಾಗಿನ ಸಂಕಟ ನೋಡಿ. ಒಪ್ಪಿಗೆಯ ಡಿಕ್ರಿಯ ಮೇಲೆ ಅಪೀಲು ಇಲ್ಲ. ಅದೇ ಸಂಹಿತೆಯ 96ನೇ ಕಲಮಿನ ಮೂರನೇ ಉಪಕಲಂ ಅದನ್ನು ತಡೆಯುತ್ತದೆ. ಬೇರೆ ದಾವೆ ಹೂಡೋಣವೆಂದರೆ 23ನೇ ಆದೇಶದ 3ಎ ನಿಯಮ ಬಾಗಿಲು ಹಾಕುತ್ತದೆ. ರಾಜಿಯನ್ನು ದಾಖಲಿಸಿದ ಅದೇ ಕೋರ್ಟಿಗೆ ಹೋಗಿ, ಇದು ಕಾನೂನುಬದ್ಧ ರಾಜಿಯೇ ಅಲ್ಲವೆಂದು ತೋರಿಸಿಕೊಡಬೇಕೆಂದು 2006ರ ಪುಷ್ಪಾದೇವಿ ಭಗತ್ ತೀರ್ಪು ಹೇಳಿದೆ. ಹೊಲದಲ್ಲಿ ಬೆವರು ಸುರಿಸಿದ ಹೆಣ್ಣುಮಗಳೊಬ್ಬಳು ತನ್ನ ಹಿಸ್ಸೆ ಹೋದದ್ದನ್ನು ಡಿಕ್ರಿಯ ನಕಲು ಕೈಗೆ ಬಂದ ಮೇಲೆ ತಿಳಿಯುವುದು ಎಂಥ ನೋವು! ಅವಳ ಸಹಿ ಇದ್ದದ್ದು ವಕಾಲತ್ತಿನ ಮೇಲೆ ಮಾತ್ರ.

ಆದ್ದರಿಂದಲೇ 2015ರ ಹಿಮಾಲಯನ್ ಹೌಸಿಂಗ್ ಸೊಸೈಟಿ ತೀರ್ಪು ನನಗೆ ಹತ್ತಿರ. ವಕೀಲರು ಕಕ್ಷಿದಾರನ ನಂಬಿಕೆಯನ್ನು ಹೊತ್ತವರು, ರಾಜಿಯಾಗಬೇಕೋ ಬೇಡವೋ ಎಂಬ ತೀರ್ಮಾನ ಕಕ್ಷಿದಾರನದು ಎಂದು ಅದು ಬಿಡಿಸಿ ಹೇಳಿತು. ಹೇಗೆ ವಾದಿಸಬೇಕೆಂಬುದು ವಕೀಲರ ವಿದ್ಯೆ, ನಿಜ. ಎಷ್ಟು ಗುಂಟೆ ಬಿಟ್ಟುಕೊಡಬೇಕೆಂಬುದು ಆ ವಿದ್ಯೆಯೊಳಗೆ ಬರುವುದಿಲ್ಲ. ಇವತ್ತು ಎಲ್ಲರ ಕೈಯಲ್ಲೂ ಫೋನಿದೆ. ಒಂದು ಮಾತು ಕೇಳಲು ಪುರುಸೊತ್ತಿರಲಿಲ್ಲ ಎಂಬ ಕಾರಣವನ್ನು ನಾನು ಸುಲಭಕ್ಕೆ ಒಪ್ಪಲಾರೆ.

ನೀವು ಮುಂದೆ ವಕಾಲತ್ತಿಗೆ ಸಹಿ ಹಾಕುವಾಗ ಪೆನ್ನು ಕೆಳಗಿಡುವ ಮುಂಚೆ ನಿಮ್ಮದೇ ಅಕ್ಷರದಲ್ಲಿ, ಕನ್ನಡದಲ್ಲೇ, ಒಂದು ಸಾಲು ಸೇರಿಸಿ: ನನ್ನ ಲಿಖಿತ ಒಪ್ಪಿಗೆ ಇಲ್ಲದೆ ರಾಜಿ ಮಾಡಕೂಡದು. ಒಳ್ಳೆಯ ವಕೀಲರು ಅದಕ್ಕೆ ಬೇಸರಪಡುವುದಿಲ್ಲ.