ಓದಿ ನೋಡಿ ಸಹಿ ಹಾಕೋಣ



ಇವತ್ತು ನಾವು ಮಾತಾಡಲು ಆರಿಸಿಕೊಂಡಿರುವುದು ಒಂದು ಸಣ್ಣ ವಿಷಯ. ಅದು ಸಹಿ. ಹೆಸರು ಬರೆಯಲು ಅರ್ಧ ನಿಮಿಷ ಸಾಕು. ಆದರೆ ಆ ಅರ್ಧ ನಿಮಿಷದ ಕೆಲಸ ಹತ್ತು ವರ್ಷ ನಮ್ಮ ಬೆನ್ನ ಹಿಂದೆ ಬರಬಹುದು.

ಕಲಿಕಾ ಕೇಂದ್ರಕ್ಕೆ ಬರುವ ಹೆಂಗಸರನ್ನು "ಏನು ಕಲೀಬೇಕು ಅಂತ ಬಂದಿರಿ?" ಎಂದು ಕೇಳಿದರೆ ಬಹಳ ಜನ ಹೇಳುವ ಮಾತು ಒಂದೇ. "ನನ್ನ ಹೆಸರು ಬರೆಯೋಕೆ ಬಂದರೆ ಸಾಕು." ಇದು ಸಣ್ಣ ಆಸೆ ಅಲ್ಲ. ಹತ್ತು ಜನರ ಮುಂದೆ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು ನಿಂತವರಿಗೆ ಅದರ ಬೆಲೆ ಗೊತ್ತು. ಆ ಮಸಿಯನ್ನು ಸೆರಗಿಗೆ ಒರೆಸಿಕೊಂಡವರಿಗೆ ಗೊತ್ತು.

ಈಗ ನಮಗೆ ಹೆಸರು ಬರೆಯಲು ಬಂತು. ಹಾಗಾದರೆ ಓದು ಮುಗಿಯಿತೇ? ಇಲ್ಲ. ಓದದೆ ಹಾಕಿದ ಸಹಿ ಹೆಬ್ಬೆಟ್ಟಿಗಿಂತ ಹೆಚ್ಚೇನಲ್ಲ. ಇನ್ನೂ ಒಂದು ಮಾತಿದೆ. ಹೆಬ್ಬೆಟ್ಟು ಒತ್ತಿದವಳು "ನನಗೆ ಓದು ಬರಲ್ಲ, ಯಾರೂ ಓದಿ ಹೇಳಲಿಲ್ಲ" ಅನ್ನಬಹುದು. ಸಹಿ ಹಾಕಿದವಳನ್ನು ಏನು ಕೇಳುತ್ತಾರೆ? "ಓದಿಯೇ ಹಾಕಿದ್ದೀಯಲ್ಲಮ್ಮ?" ಅನ್ನುತ್ತಾರೆ. ಅಕ್ಷರ ಬಂದ ಮೇಲೆ ನಮ್ಮ ಜವಾಬ್ದಾರಿಯೂ ಹೆಚ್ಚಿತು.

ಸಂತೆಯಲ್ಲಿ ನಾವು ಜಾಣೆಯರು

ಸಂತೆಗೆ ಹೋದಾಗ ನಾವು ಏನು ಮಾಡುತ್ತೇವೆ? ಮಡಕೆ ಕೊಳ್ಳುವ ಮೊದಲು ಬೆರಳಿನಿಂದ ಬಡಿದು ನೋಡುತ್ತೇವೆ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಬಿರುಕು. ಬದನೆಕಾಯಿ ತಿರುಗಿಸಿ ಹುಳುಕು ನೋಡುತ್ತೇವೆ. ಸೀರೆಯ ಅಂಚು ಎಳೆದು ನೋಡುತ್ತೇವೆ. ತಕ್ಕಡಿಯ ಮುಳ್ಳು ಎಲ್ಲಿ ನಿಂತಿದೆ ಅಂತ ನೋಡುತ್ತೇವೆ. ಮನೆಗೆ ಬಂದ ಮೇಲೆ ಅಕ್ಕಿ ಹಾಗೇ ಒಲೆಗೆ ಹಾಕುತ್ತೇವೆಯೇ? ಮೊರದಲ್ಲಿ ಹರಡಿ ಕಲ್ಲು ಆರಿಸುತ್ತೇವೆ.

ಹತ್ತು ರೂಪಾಯಿ ಬದನೆಕಾಯಿಗೆ ಇಷ್ಟು ಪರೀಕ್ಷೆ. ಹತ್ತು ಸಾವಿರದ ಕಾಗದಕ್ಕೆ? "ಎಲ್ಲಿ ಹಾಕಬೇಕು ತೋರಿಸಿ" ಅಂತ ಕೇಳುತ್ತೇವೆ. ಅವರು ಬೆರಳಿಟ್ಟು ತೋರಿಸುತ್ತಾರೆ. ನಾವು ಬರೆಯುತ್ತೇವೆ. ಮೊರ ಹಿಡಿದ ಕೈಗೆ ಕಾಗದದಲ್ಲಿ ಕಲ್ಲು ಆರಿಸುವುದು ಕಷ್ಟವೇನಲ್ಲ. ಅಭ್ಯಾಸ ಬೇಕು, ಅಷ್ಟೆ.

ಅವಸರ ಯಾರದು?

ಒಂದು ಸಂಗತಿ ಗಮನಿಸಿ ನೋಡಿ. ಕಾಗದ ತಂದವರಿಗೆ ಯಾವಾಗಲೂ ಅವಸರ. "ಬೇಗ ಹಾಕಮ್ಮ, ಸಾಹೇಬರು ಹೊರಟುಬಿಡ್ತಾರೆ." "ಎಲ್ಲರೂ ಹಾಕಿದ್ದಾರೆ, ನಿಂದೊಂದೇ ಬಾಕಿ." "ಅದರಲ್ಲಿ ಏನೂ ಇಲ್ಲ, ಸುಮ್ನೆ ಹಾಕು."

ಏನೂ ಇಲ್ಲದಿದ್ದರೆ ನಮ್ಮ ಸಹಿ ಯಾಕೆ ಬೇಕು? ಏನೋ ಇದೆ. ಅದಕ್ಕೇ ಬೇಕು.

ಮನೆಯವರ ಮುಂದೆ ಇನ್ನೊಂದು ಕಷ್ಟ. ನಾವು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರೆ ಮಗನೋ ಗಂಡನೋ ಕಾಗದ ಕಿತ್ತುಕೊಳ್ಳುತ್ತಾರೆ. "ಕೊಡು, ನಾನು ಓದ್ತೀನಿ." ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೂ ನಾವು ಹೇಳೋಣ: "ತಡಿ, ನಾನೇ ಓದ್ತೀನಿ. ತಿಳೀದಿದ್ದರೆ ನಿನ್ನ ಕೇಳ್ತೀನಿ." ನಿಧಾನವಾಗಿ ಓದುವುದು ನಾಚಿಕೆಯ ವಿಷಯ ಅಲ್ಲ. ಮಗು ನಡೆಯಲು ಕಲಿಯುವಾಗ ಎಡವುತ್ತದೆ. ಎಡವಿತು ಅಂತ ಅದನ್ನು ದಿನವಿಡೀ ಎತ್ತಿಕೊಂಡೇ ಇದ್ದರೆ ಅದು ನಡೆಯುವುದು ಯಾವಾಗ?

ಸಾಲದ ಕಾಗದ

ಈಗ ಹಳ್ಳಿ ಹಳ್ಳಿಗೂ ಸಾಲ ಕೊಡುವವರು ಬರುತ್ತಾರೆ. ಹೆಂಗಸರ ಗುಂಪು ಮಾಡುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎನ್ನುವ ಮಾತೂ ಕೆಲವು ಕಡೆ ಇರುತ್ತದೆ. ಸಾಲ ಬೇಡ ಅಂತ ನಾವು ಹೇಳುವುದಿಲ್ಲ. ಹಸು ಕೊಳ್ಳಲು, ಮಗಳ ಓದಿಗೆ, ಆಸ್ಪತ್ರೆಗೆ ಸಾಲ ಬೇಕಾಗುತ್ತದೆ. ಆದರೆ ಸಹಿಗೆ ಮೊದಲು ಮೂರು ಅಂಕಿ ಹುಡುಕೋಣ. ಕೈಗೆ ಎಷ್ಟು ಬರುತ್ತದೆ? ಕಂತು ಎಷ್ಟು? ಎಷ್ಟು ಕಂತು?

ಒಂದು ಲೆಕ್ಕ ಮಾಡಿ ನೋಡೋಣ. ಕಾಗದದಲ್ಲಿ ಬರೆದ ಸಾಲ 10,000 ರೂಪಾಯಿ. ಅದು ಇದು ಅಂತ ಹಿಡಿದುಕೊಂಡು ಕೈಗೆ ಕೊಟ್ಟದ್ದು 9,500. ವಾರಕ್ಕೆ 230 ರೂಪಾಯಿ. 52 ವಾರ. "ವಾರಕ್ಕೆ 230 ತಾನೇ" ಅನ್ನಿಸುತ್ತದೆ. ಕೂಡಿಸಿದರೆ ಒಟ್ಟು 11,960. ಕೈಗೆ ಬಂದದ್ದನ್ನು ಕಳೆದರೆ 2,460. ಅಷ್ಟು ನಾವು ಹೆಚ್ಚಿಗೆ ಕಟ್ಟಿದ್ದು. ಈ ಲೆಕ್ಕ ಗೊತ್ತಿದ್ದು ತೆಗೆದುಕೊಂಡರೆ ಅದು ನಮ್ಮ ತೀರ್ಮಾನ. ಗೊತ್ತಿಲ್ಲದೆ ತೆಗೆದುಕೊಂಡರೆ ಅದು ಬೇರೆಯವರ ತೀರ್ಮಾನ.

ನಮ್ಮ ಪರವಾಗಿಯೂ ನಿಯಮಗಳಿವೆ. ಸಣ್ಣ ಸಾಲ ಕೊಡುವ ಬ್ಯಾಂಕು, ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಸಾಲಗಾರರಿಗೆ ಒಂದು ಸಾಲದ ಕಾರ್ಡು ಕೊಡಬೇಕು. ಅದು ನಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಬಡ್ಡಿ, ಖರ್ಚು, ಷರತ್ತು, ದೂರು ಹೇಳುವ ದಾರಿ ಎಲ್ಲ ಅದರಲ್ಲಿರಬೇಕು. ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬೆಳಗ್ಗೆ 9 ಗಂಟೆಗೆ ಮೊದಲು, ಸಂಜೆ 6 ಗಂಟೆಯ ನಂತರ ಫೋನು ಮಾಡಿ ಕಾಡುವಂತಿಲ್ಲ. ವಸೂಲಿಯ ಹೆಸರಲ್ಲಿ ಕಿರುಕುಳ ಕೊಡುವುದನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. "ಕನ್ನಡದ ಕಾರ್ಡು ಕೊಡಿ" ಅಂತ ಕೇಳುವುದು ಜಗಳ ಅಲ್ಲ. ಅದು ನಮ್ಮ ಹಕ್ಕು.

ತವರಿನ ಕಾಗದ

ಇನ್ನೊಂದು ಕಾಗದ ಇದೆ. ಅದರ ಮಾತು ಎತ್ತುವುದು ಕಷ್ಟ. ಹಬ್ಬಕ್ಕೆ ತವರಿಗೆ ಹೋಗುತ್ತೇವೆ. ಅರಿಶಿನ ಕುಂಕುಮ, ಸೀರೆ, ರವಿಕೆ ಕಣ. ಅದರ ಜೊತೆಗೆ ಒಂದು ಕಾಗದ. "ಅಕ್ಕಾ, ಇಲ್ಲೊಂದು ಸಹಿ ಹಾಕು. ಜಮೀನಿನ ಖಾತೆ ಬದಲಾಯಿಸಬೇಕು." ಅಣ್ಣ ತಮ್ಮಂದಿರ ಮುಂದೆ ಕಾಗದ ಓದುತ್ತಾ ಕೂರುವುದು ಹೇಗೆ? ಅನುಮಾನ ಪಟ್ಟ ಹಾಗೆ ಆಗುವುದಿಲ್ಲವೇ? ಹೀಗೆ ಅನ್ನಿಸುವುದು ಸಹಜ.

ಆದರೂ ಓದೋಣ. ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಇಡೀ ದೇಶಕ್ಕೆ ಕಾನೂನು ಆಯಿತು. ಕರ್ನಾಟಕದಲ್ಲಿ 1994ರಲ್ಲೇ ಇಂಥ ತಿದ್ದುಪಡಿ ಬಂದಿತ್ತು. ಆದ್ದರಿಂದಲೇ ನಮ್ಮ ಸಹಿ ಕೇಳುತ್ತಾರೆ. ಕಾಗದದ ತಲೆಯ ಮೇಲೆ ಏನು ಬರೆದಿದೆ? ಅದು ಪಾಲುಪತ್ರವೇ? ಹಕ್ಕು ಬಿಡುಗಡೆ ಪತ್ರವೇ? ಎರಡೂ ಒಂದೇ ಅಲ್ಲ. ಒಂದರಲ್ಲಿ ನಮಗೂ ಪಾಲು ಬರಬಹುದು. ಇನ್ನೊಂದರಲ್ಲಿ ನಮ್ಮ ಹಕ್ಕು ಹೋಗುತ್ತದೆ.

ತಮ್ಮನಿಗೆ ಬಿಟ್ಟುಕೊಡಬೇಕು ಅಂತ ಮನಸ್ಸಿದ್ದರೆ ಬಿಟ್ಟುಕೊಡಿ. ಅದು ನಿಮ್ಮ ಪ್ರೀತಿ. ಆದರೆ ತಿಳಿದು ಬಿಡಿ. ತಿಳಿದು ಕೊಟ್ಟರೆ ದಾನ. ತಿಳಿಯದೆ ಕೊಟ್ಟರೆ ಅದಕ್ಕೆ ಏನು ಹೆಸರು?

ತಿಳಿಯದಿದ್ದರೆ ಕೇಳಲು ಜಾಗ ಇದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನಿನ ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನು ನಂಬರ್ 15100. ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ದಿನಾ ಸ್ವಲ್ಪ ಓದು

ದೊಡ್ಡ ಕಾಗದ ಓದುವ ಧೈರ್ಯ ಒಂದೇ ದಿನಕ್ಕೆ ಬರುವುದಿಲ್ಲ. ಸಣ್ಣ ಕಾಗದದಿಂದ ಶುರು ಮಾಡೋಣ. ಬಿಟ್ಟ ಓದು ಮರೆತುಹೋಗುತ್ತದೆ. ಉಳುವುದು ಬಿಟ್ಟ ಹೊಲದಲ್ಲಿ ಕಳೆ ಬೆಳೆದ ಹಾಗೆ.

ಮನೆಯಲ್ಲಿ ಓದಲು ಏನಿದೆ ಅನ್ನಬೇಡಿ. ಉಪ್ಪಿನ ಪೊಟ್ಟಣದ ಮೇಲೆ ಬೆಲೆ ಇದೆ, ತೂಕ ಇದೆ. ಅಚ್ಚು ಹಾಕಿದ ಬೆಲೆಗಿಂತ ಹೆಚ್ಚು ಕೇಳುವಂತಿಲ್ಲ. ಕೇಳಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಮಾತ್ರೆಯ ಹಾಳೆಯ ಮೇಲೆ ಎಲ್ಲಿಯವರೆಗೆ ಬಳಸಬಹುದು ಎಂಬ ತಿಂಗಳು, ವರ್ಷ ಇದೆ. ಮಗುವಿಗೆ ಭೇದಿ ಆದಾಗ ಕೊಡುವ ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಕಲಸಬೇಕು ಅಂತ ಬರೆದಿದೆ. ಕರೆಂಟ್ ಬಿಲ್ಲಿನಲ್ಲಿ ಕಟ್ಟುವ ಕೊನೇ ದಿನ ಇದೆ. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಜಮಾ ಎಷ್ಟು, ತೆಗೆದದ್ದು ಎಷ್ಟು ಅಂತ ಇದೆ. 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಯೋಜನೆ ಬಂತು. ಟಿಕೆಟಿಗೆ ಕಾಸು ಬೇಡ. ಆದರೆ ಬೋರ್ಡು ಓದದಿದ್ದರೆ ಬೇರೆ ಊರಿಗೆ ಹೋಗಿ ಇಳಿಯಬೇಕಾಗುತ್ತದೆ!

ಕೂಡಿ ಓದೋಣ

ಒಬ್ಬಳೇ ಓದಿದರೆ ಅರ್ಧ ತಿಳಿಯುತ್ತದೆ. ನಾಲ್ಕು ಜನ ಕೂಡಿ ಓದಿದರೆ ಪೂರ್ತಿ ತಿಳಿಯುತ್ತದೆ. ಧೈರ್ಯವೂ ಬರುತ್ತದೆ. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಅಂತ ಒಂದು ಹಳ್ಳಿ. ಅಲ್ಲಿಯ ಹೆಂಗಸರೂ ನಮ್ಮ ಹಾಗೇ ಸಾಕ್ಷರತಾ ತರಗತಿಗೆ ಹೋಗುತ್ತಿದ್ದರು. ಪುಸ್ತಕದ ಒಂದು ಪಾಠದಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ ಹೆಂಗಸರ ಕಥೆ ಇತ್ತು. ಓದಿದರು, ಮಾತಾಡಿಕೊಂಡರು. ತಮ್ಮ ಊರಿನ ಸಾರಾಯಿ ಅಂಗಡಿಯನ್ನೂ ಮುಚ್ಚಿಸಿದರು. ಅದು 1992ರಲ್ಲಿ ದೊಡ್ಡ ಚಳವಳಿ ಆಯಿತು. 1993ರಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಂತಿತು. ಒಂದು ಪಾಠವನ್ನು ಕೂಡಿ ಓದಿದ್ದರ ಫಲ ಅದು.

ನಾವೂ ವಾರಕ್ಕೆ ಒಂದು ಸಲ ಕೂಡೋಣ. ಯಾರ ಮನೆಗೆ ಯಾವ ಕಾಗದ ಬಂತು, ತನ್ನಿ, ಓದೋಣ. ಸಹಿಗೆ ಮೊದಲು ಈ ಐದು ಮಾತು ನೆನಪಿಡೋಣ.

1. ಖಾಲಿ ಕಾಗದಕ್ಕೆ ಸಹಿ ಹಾಕುವುದಿಲ್ಲ. ಯಾರೇ ಕೇಳಲಿ.
2. ಬರವಣಿಗೆಯ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಸುತ್ತೇವೆ.
3. ತಿಳಿಯದ ಭಾಷೆಯಲ್ಲಿದ್ದರೆ, ನಂಬುವವರಿಂದ ಓದಿಸಿ ಕೇಳುತ್ತೇವೆ.
4. ಸಹಿಯ ಪಕ್ಕದಲ್ಲಿ ತಾರೀಖು ಬರೆಯುತ್ತೇವೆ.
5. ಒಂದು ಪ್ರತಿ ಕೇಳಿ ಪಡೆಯುತ್ತೇವೆ.

"ನಾಳೆ ಬನ್ನಿ, ಓದಿ ಹೇಳ್ತೀನಿ." ಈ ಮಾತು ಹೇಳಲು ಕಲಿಯೋಣ. ಒಳ್ಳೆಯ ಕಾಗದ ಒಂದು ರಾತ್ರಿ ಕಾಯುತ್ತದೆ. ಕಾಯಲಾಗದ ಕಾಗದದಲ್ಲಿ ಕಲ್ಲು ಇರಬಹುದು.

ನಮ್ಮ ಹೆಸರು ನಮ್ಮದು. ಕಷ್ಟಪಟ್ಟು ಬರೆಯಲು ಕಲಿತದ್ದು. ಅದನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಎನ್ನುವುದೂ ನಮ್ಮದೇ ಆಗಲಿ.