ಬ್ಲೂಟೂತ್ ನಂಟು: ಕಟ್ಟುವುದು, ಬಿಡಿಸುವುದು



ಹಳೆಯ ಕಾರು ಕೊಳ್ಳುವವರು ಎಂಜಿನ್ ನೋಡುತ್ತಾರೆ, ಟೈರು ನೋಡುತ್ತಾರೆ, ಆರ್.ಸಿ. ನೋಡುತ್ತಾರೆ. ಮಾರುವವರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಉಳಿದ ಕನ್ನಡಕ, ರಸೀತಿ, ದೇವರ ಪಟಗಳನ್ನು ತೆಗೆದುಕೊಂಡು ಕೀಲಿ ಒಪ್ಪಿಸುತ್ತಾರೆ. ಆದರೆ ಅದೇ ಡ್ಯಾಶ್‌ಬೋರ್ಡಿನ ಪರದೆಯ ಹಿಂದೆ ಇನ್ನೊಂದು ಸಾಮಾನು ಉಳಿದಿರಬಹುದು: ಮಾರಿದವರ ಫೋನಿನ ಹೆಸರು, ಅವರ ಬಂಧುಬಳಗದವರ ದೂರವಾಣಿ ಸಂಖ್ಯೆಗಳು, ಇತ್ತೀಚೆಗೆ ಯಾರೊಡನೆ ಮಾತನಾಡಿದ್ದರು ಎಂಬ ಪಟ್ಟಿ. ಇದನ್ನು ಯಾರೂ ಕದ್ದು ತಂದು ಇಟ್ಟದ್ದಲ್ಲ. ಹಾಡು ಕೇಳಲೆಂದು, ಕೈ ಸ್ಟೀರಿಂಗಿನ ಮೇಲಿಟ್ಟೇ ಮಾತನಾಡಲೆಂದು, ನಾವೇ ಒಪ್ಪಿಗೆ ಕೊಟ್ಟು ಮಾಡಿಕೊಂಡ ಬ್ಲೂಟೂತ್ ಜೋಡಣೆಯ ಫಲ ಅದು.

ಜೋಡಿಸುವುದನ್ನು ಅಂಗಡಿಯವರು ತೋರಿಸಿಕೊಡುತ್ತಾರೆ, ಮನೆಯ ಮಕ್ಕಳು ಕ್ಷಣದಲ್ಲಿ ಮಾಡಿಕೊಡುತ್ತಾರೆ. ಬಿಡಿಸುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆದ್ದರಿಂದ ಆಂಡ್ರಾಯ್ಡ್ ಫೋನಿನಿಂದ ಜೋಡಿಸಿದ ಸಾಧನಗಳನ್ನು ತೆಗೆದುಹಾಕುವುದು ಹೇಗೆ, ಮತ್ತು ಅದಕ್ಕಿಂತ ಮುಖ್ಯವಾಗಿ, ತೆಗೆದುಹಾಕುವುದೆಂದರೆ ಏನು ಎಂಬುದನ್ನು ಇಂದು ತಿಳಿಯೋಣ.

ಮೊದಲು ಬ್ಲೂಟೂತ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ದೊರೆಯಿದ್ದ. 'ನೀಲಿ ಹಲ್ಲಿನವ' ಎಂಬುದು ಅವನ ಅಡ್ಡಹೆಸರು. ಬೇರೆಬೇರೆಯಾಗಿದ್ದ ಪಂಗಡಗಳನ್ನು ಒಂದುಗೂಡಿಸಿದನೆಂದು ಅವನಿಗೆ ಖ್ಯಾತಿ. ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಎರಿಕ್ಸನ್ ಕಂಪನಿಯ ಎಂಜಿನಿಯರುಗಳು 1994ರಲ್ಲಿ ತಂತಿಯಿಲ್ಲದೆ ಸಾಧನಗಳನ್ನು ಬೆಸೆಯುವ ಕೆಲಸಕ್ಕೆ ಕೈಹಾಕಿದರು. ಬೇರೆಬೇರೆ ಕಂಪನಿಗಳ ಯಂತ್ರಗಳು ಒಂದೇ ಭಾಷೆಯಲ್ಲಿ ಮಾತನಾಡಬೇಕಾದುದರಿಂದ ಈ ಒಂದುಗೂಡಿಸುವ ದೊರೆಯ ಹೆಸರೇ ಇರಲಿ ಎಂದು 1997ರಲ್ಲಿ ಸೂಚಿಸಿದವರು ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಸೇರಿ ಇದಕ್ಕಾಗಿ ಒಂದು ಕೂಟ ಕಟ್ಟಿದವು. ಹೀಗೆ ಹೆಸರಿನಲ್ಲೇ ಕೂಡಿಸುವ ಗುಣವಿದೆ. ಬಿಡಿಸುವ ವಿಚಾರ ಅದರ ನೆರಳಿನಲ್ಲಿ ಉಳಿದುಹೋಗಿದೆ.

ಈ ಜೋಡಣೆ ನಡೆಯುವುದು ರೇಡಿಯೋ ಅಲೆಗಳ ಮೂಲಕ. 2.4 ಗಿಗಾಹರ್ಟ್ಸ್ ಆಸುಪಾಸಿನ ಆವರ್ತಾಂಕ, ಅಂದರೆ ಮನೆಯ ವೈಫೈ ಮತ್ತು ಮೈಕ್ರೋವೇವ್ ಒಲೆ ಬಳಸುವ ವಲಯವೇ. ಸಾಮಾನ್ಯವಾಗಿ ಹತ್ತು ಮೀಟರಿನಷ್ಟು ದೂರ ಕೆಲಸ ಮಾಡುತ್ತದೆ. ಗೋಡೆ ಅಡ್ಡ ಬಂದರೆ ಕಡಿಮೆ, ಬಯಲಿನಲ್ಲಿ ಹೆಚ್ಚು.

ಎರಡು ಸಾಧನಗಳು ಮೊದಲ ಸಲ ಪರಿಚಯವಾಗುವ ಕ್ರಮವೇ ಪೇರಿಂಗ್, ಅಂದರೆ ಜೋಡಿ ಮಾಡುವುದು. ಫೋನನ್ನು ಕಾರಿನೊಡನೆ ಜೋಡಿಸುವಾಗ ಎರಡೂ ಪರದೆಗಳಲ್ಲಿ ಆರು ಅಂಕಿಯ ಒಂದು ಸಂಖ್ಯೆ ಮೂಡಿ, 'ಎರಡೂ ಒಂದೇ ಏನು?' ಎಂದು ಕೇಳುವುದನ್ನು ನೀವು ನೋಡಿರಬಹುದು. ಇದು 2007ರಲ್ಲಿ ಬಂದ 2.1 ಆವೃತ್ತಿಯ ಕೊಡುಗೆ. ಆರು ಅಂಕಿ ಎಂದರೆ ಹತ್ತು ಲಕ್ಷ ಸಾಧ್ಯತೆಗಳು. ನಡುವೆ ಬೇರೊಂದು ಯಂತ್ರ ನುಸುಳಿದ್ದರೆ ಈ ಸಂಖ್ಯೆಗಳು ಅಕಸ್ಮಾತ್ತಾಗಿ ತಾಳೆಯಾಗುವ ಸಂಭವ ಹತ್ತು ಲಕ್ಷಕ್ಕೆ ಒಂದು. ಆದ್ದರಿಂದ ಸಂಖ್ಯೆಯನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತಬಾರದು. ನೀವು ಕೋರದೆಯೇ ಇಂಥ ಪ್ರಶ್ನೆ ಪರದೆಯ ಮೇಲೆ ಬಂದರೆ ನಿರಾಕರಿಸುವುದೇ ಸರಿ.

ಈ ಆರು ಅಂಕಿ ನಿಜವಾದ ಗುಟ್ಟಲ್ಲ, ಪರೀಕ್ಷೆ ಮಾತ್ರ. ಪರೀಕ್ಷೆಯ ಹಿಂದೆ ಎರಡೂ ಸಾಧನಗಳು ಲೆಕ್ಕ ಹಾಕಿ 128 ಬಿಟ್ ಉದ್ದದ ಒಂದು ರಹಸ್ಯ ಸಂಖ್ಯೆಯನ್ನು ತಯಾರಿಸಿಕೊಳ್ಳುತ್ತವೆ. ಆ ಸಂಖ್ಯೆ ಗಾಳಿಯಲ್ಲಿ ಹಾದುಹೋಗುವುದಿಲ್ಲ. ಎರಡೂ ಕಡೆ ಅದೇ ಉತ್ತರ ಬರುವಂತೆ ಲೆಕ್ಕವನ್ನು ಹೆಣೆದಿದ್ದಾರೆ. ಒಂದೇ ನೋಟನ್ನು ಹರಿದು ಇಬ್ಬರು ಒಂದೊಂದು ತುಂಡು ಇಟ್ಟುಕೊಂಡಂತೆ, ಈ ಗುಟ್ಟು ಎರಡೂ ಸಾಧನಗಳ ನೆನಪಿನಲ್ಲಿ ಉಳಿಯುತ್ತದೆ. ಮುಂದಿನ ಸಲ ಹತ್ತಿರ ಬಂದಾಗ ಅವು ಗುಟ್ಟನ್ನು ತಾಳೆ ನೋಡಿಕೊಂಡು, ನಿಮ್ಮನ್ನು ಕೇಳದೆಯೇ ಕೂಡಿಕೊಳ್ಳುತ್ತವೆ. ಗುಟ್ಟು ಎರಡು ಕಡೆ ಇದೆ ಎಂಬ ಈ ಒಂದು ಅಂಶವನ್ನು ಮನಸ್ಸಿನಲ್ಲಿಡಿ. ಉಳಿದುದೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ಈಗ ಮೂರು ಬೇರೆಬೇರೆ ಕ್ರಿಯೆಗಳನ್ನು ಗುರುತಿಸೋಣ. ಬ್ಲೂಟೂತನ್ನು ಆಫ್ ಮಾಡುವುದು ಒಂದು. ಇದು ಮನೆಯ ಬಾಗಿಲು ಹಾಕಿಕೊಂಡಂತೆ. ಒಳಗಿನ ಪಟ್ಟಿ ಹಾಗೇ ಇರುತ್ತದೆ. 'ಡಿಸ್‌ಕನೆಕ್ಟ್' ಮಾಡುವುದು ಎರಡನೆಯದು. ಇದು ಸದ್ಯಕ್ಕೆ ಮಾತು ನಿಲ್ಲಿಸಿದಂತೆ. ಪರಿಚಯ ಉಳಿದಿರುವುದರಿಂದ ಮತ್ತೆ ಕೂಡಿಕೊಳ್ಳಲು ಅಡ್ಡಿಯಿಲ್ಲ. 'ಫರ್ಗೆಟ್' ಅಥವಾ 'ಅನ್‌ಪೇರ್' ಎಂಬುದು ಮೂರನೆಯದು. ಇದರಿಂದ ಮಾತ್ರ ಫೋನು ತನ್ನ ಬಳಿಯ ಗುಟ್ಟನ್ನು ಅಳಿಸಿಹಾಕುತ್ತದೆ. ಸಂಪರ್ಕ ನಿಂತಿತೆಂದು ನಂಟು ಹರಿಯಿತೆಂದು ತಿಳಿಯುವುದೇ ಬಹುಮಂದಿಯ ತೊಡಕಿಗೆ ಮೂಲ.

ಕ್ರಮ ಹೀಗಿದೆ. ಬ್ಲೂಟೂತ್ ಆನ್ ಇರಲಿ. ಫೋನಿನ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಬ್ಲೂಟೂತ್ ಗುರುತಿನ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ನೇರವಾಗಿ ಪಟ್ಟಿಗೆ ಹೋಗಬಹುದು. ಇಲ್ಲವೇ ಸೆಟ್ಟಿಂಗ್ಸ್ ತೆರೆಯಿರಿ. ಪಿಕ್ಸೆಲ್, ಮೊಟೊರೊಲಾ ಮುಂತಾದ ಫೋನುಗಳಲ್ಲಿ 'ಕನೆಕ್ಟೆಡ್ ಡಿವೈಸಸ್' ಎಂಬ ಸಾಲು ಇರುತ್ತದೆ. ಸ್ಯಾಮ್‌ಸಂಗ್ ಫೋನಿನಲ್ಲಿ 'ಕನೆಕ್ಷನ್ಸ್', ಅದರೊಳಗೆ 'ಬ್ಲೂಟೂತ್'. ಇನ್ನು ಕೆಲವು ಕಂಪನಿಗಳ ಫೋನಿನಲ್ಲಿ 'ಬ್ಲೂಟೂತ್' ಮೊದಲ ಪುಟದಲ್ಲೇ ಸಿಗುತ್ತದೆ. ಪಟ್ಟಿಯಲ್ಲಿ ಸಾಧನದ ಹೆಸರಿನ ಪಕ್ಕ ಹಲ್ಲುಚಕ್ರದ ಚಿತ್ರವೋ, ವೃತ್ತದೊಳಗಿನ 'ಐ' ಅಕ್ಷರವೋ, ಬಾಣದ ಗುರುತೋ ಇರುತ್ತದೆ. ಹೆಸರನ್ನು ಒತ್ತಿದರೆ ಫೋನು ಅದರೊಡನೆ ಸಂಪರ್ಕಕ್ಕೆ ಹೊರಡುತ್ತದೆ. ಆದ್ದರಿಂದ ಒತ್ತಬೇಕಾದದ್ದು ಪಕ್ಕದ ಗುರುತನ್ನು. ಅಲ್ಲಿ 'ಫರ್ಗೆಟ್' ಅಥವಾ 'ಅನ್‌ಪೇರ್' ಆರಿಸಿ, ಮತ್ತೊಮ್ಮೆ ಕೇಳಿದಾಗ ಒಪ್ಪಿಗೆ ಕೊಡಿ. ತೆಗೆದುಹಾಕಬೇಕಾದ ಸಾಧನ ಹತ್ತಿರದಲ್ಲಿ ಇರಬೇಕೆಂದೇನೂ ಇಲ್ಲ. ಕಳೆದುಹೋದ ಇಯರ್‌ಫೋನನ್ನೂ ಹೀಗೆ ತೆಗೆಯಬಹುದು.

ಒಂದೇ ಹೆಸರಿನ ಎರಡು ಸಾಧನಗಳು ಪಟ್ಟಿಯಲ್ಲಿದ್ದರೆ ಗಾಬರಿಯಾಗಬೇಡಿ. ಹೆಸರು ನಮ್ಮ ಅನುಕೂಲಕ್ಕೆ ಮಾತ್ರ. ಫೋನು ಗುರುತಿಸುವುದು ಪ್ರತಿ ಸಾಧನಕ್ಕೂ ಇರುವ 48 ಬಿಟ್ ವಿಳಾಸದಿಂದ. ಉಳಿಸಿಕೊಳ್ಳಬೇಕಾದ ಸಾಧನವನ್ನು ಮಾತ್ರ ಆನ್ ಮಾಡಿ. ಯಾವುದರ ಕೆಳಗೆ 'ಕನೆಕ್ಟೆಡ್' ಎಂದು ಕಾಣುತ್ತದೋ ಅದನ್ನು ಬಿಟ್ಟು ಇನ್ನೊಂದನ್ನು ತೆಗೆಯಿರಿ.

ಎಲ್ಲವನ್ನೂ ಒಟ್ಟಿಗೆ ತೆಗೆಯುವ ದಾರಿಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಂ', ಅದರೊಳಗೆ 'ರೀಸೆಟ್ ಆಪ್ಷನ್ಸ್' ಎಂಬಲ್ಲಿ ಬ್ಲೂಟೂತ್ ಮತ್ತು ವೈಫೈ ರೀಸೆಟ್ ಮಾಡುವ ಸಾಲು ಹಲವು ಫೋನುಗಳಲ್ಲಿ ಇರುತ್ತದೆ. ಇದರಿಂದ ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳೂ ಹೋಗಬಹುದು. ನಿಮ್ಮ ಫೋಟೋಗಳು ಹೋಗುವುದಿಲ್ಲ. ಆದರೆ ಅದೇ ಪುಟದಲ್ಲಿ ಫೋನಿನ ಸಮಸ್ತವನ್ನೂ ಅಳಿಸುವ 'ಫ್ಯಾಕ್ಟರಿ ರೀಸೆಟ್' ಸಾಲೂ ಇರುತ್ತದೆ. ಓದಿ, ನಿಧಾನವಾಗಿ ಒತ್ತಿ.

ಫೋನಿನ ಕಡೆಯ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಗುಟ್ಟು ಎರಡು ಕಡೆ ಇತ್ತಲ್ಲವೇ? ಫೋನು ಮರೆತರೂ ಇನ್ನೊಂದು ಸಾಧನ ಮರೆತಿರುವುದಿಲ್ಲ. ಒಂದು ಕಡೆಯ ಗುಟ್ಟು ಅಳಿದ ಮೇಲೆ ಹಳೆಯ ಜೋಡಣೆ ತಾನಾಗಿ ಮತ್ತೆ ಏರ್ಪಡಲಾರದು ಎಂಬುದು ನಿಜ. ಆದರೂ ಎರಡು ತೊಂದರೆಗಳು ಉಳಿಯುತ್ತವೆ.

ಮೊದಲನೆಯದು, ಮತ್ತೆ ಜೋಡಿಸಲು ಹೋದಾಗ ಬರುವ ತಕರಾರು. ಒಂದು ಹೊಸ ಪರಿಚಯ ಕೇಳುತ್ತದೆ, ಇನ್ನೊಂದು ಹಳೆಯ ಗುಟ್ಟನ್ನೇ ಹಿಡಿದು ಕುಳಿತಿರುತ್ತದೆ. 'ಪಿನ್ ಸರಿಯಿಲ್ಲ' ಎಂಬ ಸಂದೇಶ ಬರಬಹುದು, ಅಥವಾ ಏನೂ ಆಗದೆ ಹೋಗಬಹುದು. ಇಯರ್‌ಫೋನು ಕೆಟ್ಟಿದೆಯೆಂದು ಎಸೆಯುವ ಮೊದಲು ಎರಡೂ ಕಡೆ ಅಳಿಸಿ ಹೊಸದಾಗಿ ಜೋಡಿಸಿ ನೋಡಿ. ಪರದೆಯಿಲ್ಲದ ಸಾಧನಗಳ ನೆನಪನ್ನು ಅಳಿಸುವ ಕ್ರಮ ಅದರೊಡನೆ ಬಂದ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿಯುವುದು.

ಎರಡನೆಯ ತೊಂದರೆ ಹೆಚ್ಚು ಗಂಭೀರ. ಕಾರು ಬರಿಯ ಸ್ಪೀಕರ್ ಅಲ್ಲ. ಜೋಡಿಸುವಾಗ ನಾವು ಅನುಮತಿ ಕೊಟ್ಟಿದ್ದರೆ ಅದು ಫೋನಿನ ಹೆಸರುಪಟ್ಟಿಯನ್ನೂ ಕರೆಗಳ ಪಟ್ಟಿಯನ್ನೂ ತನ್ನೊಳಗೆ ನಕಲು ಮಾಡಿಕೊಂಡಿರುತ್ತದೆ. ಫೋನಿನಲ್ಲಿ 'ಫರ್ಗೆಟ್' ಒತ್ತಿದರೆ ಕಾರಿನಲ್ಲಿರುವ ನಕಲು ಅಳಿಯುತ್ತದೆಂದು ಭರವಸೆಯಿಲ್ಲ. ಫೋನನ್ನೇ ಒಡೆದುಹಾಕಿದರೂ ಆ ನಕಲಿಗೆ ಅದರ ಸುದ್ದಿ ತಿಳಿಯದು. ಕಾರಿನ ಪರದೆಯಲ್ಲಿ ಬ್ಲೂಟೂತ್ ಪುಟ ತೆರೆದು ನಿಮ್ಮ ಫೋನಿನ ಹೆಸರನ್ನು ಅಳಿಸಬೇಕು. ಕಾರು ಮಾರುವಾಗಲಾದರೆ ಆ ವ್ಯವಸ್ಥೆಯನ್ನೇ ಪೂರ್ತಿ ರೀಸೆಟ್ ಮಾಡುವುದು ಲೇಸು. ಬಾಡಿಗೆ ಕಾರಿನಲ್ಲಿ ಹಾಡಿಗಾಗಿ ಜೋಡಿಸುವಾಗ ಹೆಸರುಪಟ್ಟಿ ಹಂಚಿಕೊಳ್ಳುವ ಅನುಮತಿಯನ್ನು ಮೊದಲೇ ನಿರಾಕರಿಸಬಹುದು. ಹಾಡು ಕೇಳಲು ಅದರ ಅಗತ್ಯವಿಲ್ಲ. ನೆನಪಿಡಿ, ಆ ಪಟ್ಟಿಯಲ್ಲಿರುವ ಸಂಖ್ಯೆಗಳು ನಮ್ಮವಲ್ಲ. ನಮ್ಮನ್ನು ನಂಬಿ ಕೊಟ್ಟವರದು.

ಸ್ವಂತ ಮನೆಯಲ್ಲೂ ಈ ವಿಚಾರ ಬರುತ್ತದೆ. ತಂದೆಯವರು ಒಳಗೆ ಕುಳಿತು ವೈದ್ಯರೊಡನೆ ರಕ್ತಪರೀಕ್ಷೆಯ ಫಲಿತಾಂಶ ಕುರಿತು ಮಾತನಾಡುತ್ತಿರುತ್ತಾರೆ. ಮಗ ಹೊರಗೆ ಕಾರು ಸ್ಟಾರ್ಟ್ ಮಾಡುತ್ತಾನೆ. ಕಾರು ತಂದೆಯವರ ಫೋನನ್ನು ಗುರುತಿಸಿ ಕರೆಯನ್ನು ತನ್ನತ್ತ ಎಳೆದುಕೊಂಡರೆ, ವೈದ್ಯರ ಮಾತು ಅಂಗಳದಲ್ಲಿ ಕೇಳುತ್ತದೆ. ತಂದೆಯವರು 'ಹಲೋ ಹಲೋ' ಎನ್ನುತ್ತಲೇ ಇರುತ್ತಾರೆ. ಇದಕ್ಕೆ ಜೋಡಣೆಯನ್ನೇ ಕಡಿಯಬೇಕೆಂದಿಲ್ಲ. ಆ ಹಲ್ಲುಚಕ್ರದ ಪುಟದಲ್ಲೇ ಕರೆಗಳಿಗೆ ಬೇರೆ, ಹಾಡುಗಳಿಗೆ ಬೇರೆ ಸ್ವಿಚ್ಚುಗಳಿರುತ್ತವೆ; ಕರೆಯ ಸ್ವಿಚ್ಚನ್ನು ಆರಿಸಿದರೆ ಸಾಕು.

ಅಳಿಸುವಾಗ ಎಚ್ಚರ ವಹಿಸಬೇಕಾದ ಸಾಧನಗಳೂ ಇವೆ. ಕಿವಿ ಮಂದವಾದ ಹಿರಿಯರ ಶ್ರವಣಸಾಧನ ಇಂದು ನೇರವಾಗಿ ಫೋನಿಗೆ ಜೋಡಿಯಾಗುತ್ತದೆ. ಪಟ್ಟಿ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಮೊಮ್ಮಕ್ಕಳು ಅದನ್ನು ತೆಗೆದುಬಿಟ್ಟರೆ ಅಜ್ಜನಿಗೆ ಮಗಳ ಫೋನ್ ಮಾತು ಸರಿಯಾಗಿ ಕೇಳಿಸದಂತಾದೀತು. ಮತ್ತೆ ಜೋಡಿಸುವ ಕ್ರಮ ತಿಳಿದ ಮೇಲೆಯೇ ಅದಕ್ಕೆ ಕೈಹಾಕಬೇಕು. ಸ್ಮಾರ್ಟ್ ಕೈಗಡಿಯಾರವನ್ನು ಅದರದೇ ಆ್ಯಪ್ ಮೂಲಕ ಬಿಡಿಸುವುದು ಸರಿಯಾದ ಮಾರ್ಗ. ಕೆಲವು ಇಯರ್‌ಫೋನುಗಳು ನಿಮ್ಮ ಗೂಗಲ್ ಖಾತೆಯಲ್ಲೂ ದಾಖಲಾಗಿರುತ್ತವೆ. ಅವನ್ನು ಬೇರೆಯವರಿಗೆ ಕೊಡುವಾಗ ಸೆಟ್ಟಿಂಗ್ಸ್‌ನ ಗೂಗಲ್ ಪುಟದಲ್ಲಿ ಉಳಿಸಿದ ಸಾಧನಗಳ ಪಟ್ಟಿಯಿಂದಲೂ ತೆಗೆಯಬೇಕು.

ಒಟ್ಟಿನಲ್ಲಿ ಫೋನು, ಕಾರು, ಇಯರ್‌ಫೋನು, ಕೈಗಡಿಯಾರ ಇವುಗಳಲ್ಲಿ ಯಾವುದೊಂದು ಕೈ ಬದಲಾಯಿಸಿದರೂ, ರಿಪೇರಿಗೆಂದು ಕೊಟ್ಟು ಬದಲಿ ಪಡೆದರೂ, ಕಳೆದುಹೋದರೂ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಗುರುತಾಗದ ಹೆಸರಿದ್ದರೆ ತೆಗೆಯಿರಿ. ಒಂದು ಕೈಯಿಂದ ಚಪ್ಪಾಳೆಯಾಗುವುದಿಲ್ಲವೆಂಬ ಮಾತು ಬ್ಲೂಟೂತಿನ ಬಿಡುಗಡೆಗೂ ಸಲ್ಲುತ್ತದೆ: ಇಲ್ಲಿ ಅಳಿಸಿ, ಅಲ್ಲಿಯೂ ಅಳಿಸಿ. ನಾಳೆ ನಿಮ್ಮ ಮನೆಯಿಂದ ಹೊರಡುವ ಕಾರಿನಲ್ಲಿ ಹೊಸಬರ ಹಾಡು ಕೇಳಲಿ. ನಿಮ್ಮ ನೆಂಟರಿಷ್ಟರ ಹೆಸರುಗಳು ಮಾತ್ರ ಆ ಕಾರಿನೊಡನೆ ಹೋಗದಿರಲಿ.