ಗೋಡೆ ದಾಟುವ ಬಿಸಿಲು



ಬಸವಕಲ್ಯಾಣ, ಹುಮನಾಬಾದುಗಳ ಓಣಿಗಳಲ್ಲಿ ಹಳೆಯ ಕಲ್ಲುಮಣ್ಣಿನ ಮನೆಗಳನ್ನು ಇಳಿಸಿ ಸಿಮೆಂಟಿನ ಮನೆ ಎಬ್ಬಿಸುವಾಗ ಹಿರಿಯರು ಹೇಳುವ ಮಾತೊಂದುಂಟು: “ಆ ಮನಿ ತಂಪಿತ್ತು.” ಕಿರಿಯರು ಇದನ್ನು ಹಳೆಯದರ ಮೋಹವೆಂದು ನಗುತ್ತಾರೆ. ಅಳೆದು ನೋಡಿದವರು ಇಬ್ಬರಲ್ಲಿಯೂ ವಿರಳ. ಗೋಡೆ ಒಮ್ಮೆ ಬಿದ್ದಮೇಲೆ ಅಳೆಯುವುದಾದರೂ ಏನನ್ನು?

ಮೊದಲು ಶಬ್ದದ ವಿಚಾರ. ಉಷ್ಣತೆಯೇ ಬೇರೆ, ಶಾಖವೇ ಬೇರೆ. ತ್ರಿಪುರಾಂತ ಕೆರೆಯ ನೀರಿನ ಮಟ್ಟವಿದ್ದಂತೆ ಉಷ್ಣತೆ. ತೂಬಿನಿಂದ ಹರಿದುಹೋಗುವ ನೀರಿದ್ದಂತೆ ಶಾಖ. ಉಷ್ಣಮಾಪಕ ಮಟ್ಟವನ್ನು ಹೇಳೀತೇ ಹೊರತು ಹರಿವನ್ನು ಹೇಳದು. ಹರಿವನ್ನಳೆಯಲು ಬಿಲ್ಲೆಯಂಥ ತೆಳುವಾದ ಉಪಕರಣವೊಂದಿದೆ. ಶಾಖ ಅದರ ಮೂಲಕ ಹಾಯ್ದಾಗ ಎರಡು ಮುಖಗಳಿಗೂ ಉಷ್ಣತೆಯಲ್ಲಿ ಕಿಂಚಿತ್ ಅಂತರವುಂಟಾಗಿ, ಒಳಗಿನ ಲೋಹದ ತಂತಿಗಳಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಇದನ್ನು ಗೋಡೆಯ ಒಳಮೈಗೆ, ನಡುವೆ ಗಾಳಿ ಉಳಿಯದಂತೆ, ಕಿಟಕಿ ತೊಲೆಗಳಿಂದ ದೂರ ಅಂಟಿಸಬೇಕು. ಒಳಗೂ ಹೊರಗೂ ಉಷ್ಣಮಾಪಕಗಳನ್ನಿಡಬೇಕು. ಒಳಹೊರಗಿನ ಅಂತರ 10 ಡಿಗ್ರಿಯಿದ್ದು, ಒಂದು ಚದರ ಮೀಟರಿನಲ್ಲಿ 20 ವಾಟ್ ಹರಿದರೆ, ಆ ಗೋಡೆಯ ಅಂಕ 2. ಅಂಕ ಕಡಿಮೆಯಾದಷ್ಟೂ ತಡೆ ಹೆಚ್ಚು.

ಪುಸ್ತಕ ನೋಡಿ ಲೆಕ್ಕ ಹಾಕಬಾರದೇಕೆ ಎಂದೀರಿ. ಹಾಕಬಹುದು. ಆದರೆ ನಿಮ್ಮ ಗೋಡೆಯೊಳಗಿನ ಪೊಳ್ಳು, ಕಲ್ಲುಗಳ ನಡುವಿನ ಮಣ್ಣು, ಮಳೆಗಾಲದ ತೇವ ಪುಸ್ತಕಕ್ಕೆ ಗೊತ್ತಿಲ್ಲ. ನೆನೆದ ಗೋಡೆ ಒಣಗಿದ ಗೋಡೆಗಿಂತ ಹೆಚ್ಚು ಶಾಖವನ್ನು ಬಿಟ್ಟುಕೊಡುತ್ತದೆ.

ಒಂದು ತೊಡಕಿದೆ. ಕ್ಷಣಮಾತ್ರದ ಅಳತೆ ನಂಬಲರ್ಹವಲ್ಲ. ಕನಿಷ್ಠ ಮೂರು ಹಗಲು ಮೂರು ರಾತ್ರಿ ದಾಖಲಿಸಿ ಸರಾಸರಿ ತೆಗೆಯಬೇಕೆಂಬುದು ಅಂತರರಾಷ್ಟ್ರೀಯ ಕ್ರಮ. ಈ ಕ್ರಮ ಚಳಿದೇಶಗಳಿಗೆ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಚಳಿಗಾಲವಿಡೀ ಶಾಖ ಒಳಗಿನಿಂದ ಹೊರಕ್ಕೇ ಹರಿಯುತ್ತದೆ. ನಮ್ಮಲ್ಲಿ ಬೇಸಿಗೆಯ ಹಗಲು ಒಳಕ್ಕೆ, ರಾತ್ರಿ ಹೊರಕ್ಕೆ! ಸರಾಸರಿಯ ಅಂತರ ಸೊನ್ನೆಯ ಹತ್ತಿರ ಬಂದರೆ ಭಾಗಾಕಾರಕ್ಕೆ ಅರ್ಥವೇ ಉಳಿಯದು.

ಆದ್ದರಿಂದ ಇಲ್ಲಿ ಶಾಖ ಎಷ್ಟು ಬಂತೆನ್ನುವುದರ ಜೊತೆಗೆ ಯಾವಾಗ ಬಂತೆಂದೂ ಕೇಳಬೇಕು. ಒಂಬತ್ತಂಗುಲದ ಇಟ್ಟಿಗೆಯ ಗೋಡೆಯನ್ನು ಬಿಸಿಲಿನ ಅಲೆ ಸುಮಾರು ಆರು ತಾಸಿನಲ್ಲಿ ದಾಟುತ್ತದೆ: ಮಧ್ಯಾಹ್ನದ ಝಳ ರಾತ್ರಿಯೂಟದ ಹೊತ್ತಿಗೆ ಒಳಗೆ ಹಾಜರು. ಒಂದೂವರೆ ಅಡಿಯ ಕಲ್ಲುಮಣ್ಣಿನ ಗೋಡೆಗೆ ಹನ್ನೆರಡು ತಾಸಿನಷ್ಟು ಬೇಕು. ಅದೂ ಅಲೆ ಬಹಳ ಕುಗ್ಗಿ ಬರುತ್ತದೆ. ಅಷ್ಟರಲ್ಲಿ ಹೊರಗೆ ತಂಗಾಳಿ, ಕಿಟಕಿ ತೆರೆದರಾಯಿತು. ಹಿರಿಯರ ಮಾತು ಬರಿಯ ಮೋಹವಲ್ಲ.

ಆದರೂ ಉಪಕರಣ ಸಿಕ್ಕರೆ ನಾನು ಮೊದಲು ಮಾಳಿಗೆಗೇ ಅಂಟಿಸೆನ್ನುತ್ತೇನೆ. ಮೇ ಮಧ್ಯಭಾಗದಲ್ಲಿ ಈ ಊರುಗಳಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಗೋಡೆಗಿಂತ ಮಾಳಿಗೆ ಹೆಚ್ಚು ಕಾಯುತ್ತದೆ. 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ‘ಇಕೋ ನಿವಾಸ ಸಂಹಿತೆ’ ಮಾಳಿಗೆಯ ಅಂಕ 1.2 ಮೀರಬಾರದೆನ್ನುತ್ತದೆ. ಬರಿಯ ಕಾಂಕ್ರೀಟಿನ ಹಲಗೆಯದು ಮೂರಕ್ಕೂ ಮಿಕ್ಕಿದ್ದು. ಹಳೆಯ ಮನೆಗಳ ಮಾಳಿಗೆಯ ಮೇಲೆ ದಪ್ಪನಾಗಿ ಮಣ್ಣು ಹಾಸಿರುತ್ತದೆ. ಕೆಡವುವ ಮುನ್ನ ಅದರ ಕೆಳಗೊಮ್ಮೆ, ಪಕ್ಕದ ಹೊಸ ಮನೆಯ ಹಲಗೆಯ ಕೆಳಗೊಮ್ಮೆ ಬಿಲ್ಲೆಯನ್ನಿಟ್ಟು ನೋಡಲಿ.